ಇಮೇಲ್‌ನಲ್ಲಿ ಕನ್ನಡ ಅಕ್ಷರ ಕಣ್ಣಿಗೆ ಹಿತವಾಗಲು: ಥಂಡರ್‌ಬರ್ಡ್ ಫಾಂಟ್ ಹೊಂದಿಸುವ ಬಗೆ, ಹಂತ ಹಂತವಾಗಿ

ಕಲ್ಯಾಣ ನಗರದ ಅಪಾರ್ಟ್‌ಮೆಂಟ್‌ಗಳಲ್ಲಿ ನಿವಾಸಿಗಳ ಸಂಘದ ಕಾಗದಪತ್ರ ಬಹುಪಾಲು ಈಗ ಇಮೇಲ್‌ನಲ್ಲೇ ನಡೆಯುತ್ತದೆ. ಟ್ಯಾಂಕರ್ ನೀರಿನ ಲೆಕ್ಕ, ಲಿಫ್ಟ್ ರಿಪೇರಿಯ ಕೊಟೇಶನ್, ವಾರ್ಷಿಕ ಸಭೆಯ ನೋಟಿಸು. ಒಂದೇ ಪತ್ರದಲ್ಲಿ ಮೇಲೆ ಇಂಗ್ಲಿಷ್, ಕೆಳಗೆ ಕನ್ನಡ. ಇಂಗ್ಲಿಷ್ ಭಾಗ ಕಣ್ಣಿಗೆ ಸಲೀಸಾಗಿ ಸಿಗುತ್ತದೆ. ಕನ್ನಡಕ್ಕೆ ಬಂದಾಗ ಮಾತ್ರ ಕನ್ನಡಕ ಸರಿಮಾಡಿಕೊಂಡು ಪರದೆಯ ಹತ್ತಿರಕ್ಕೆ ಬಗ್ಗಬೇಕು. ಒತ್ತಕ್ಷರಗಳು ಕಲಸಿಹೋಗಿರುತ್ತವೆ, ದ ಯಾವುದು ಧ ಯಾವುದು ತಿಳಿಯುವುದಿಲ್ಲ. “ಇಂಗ್ಲಿಷಲ್ಲೇ ಕಳಿಸಿಬಿಡಿ, ಓದೋಕೆ ಸುಲಭ” ಎಂದು ಕನ್ನಡದ ಹಿರಿಯರೇ ಹೇಳುವುದಕ್ಕೆ ಎಷ್ಟೋ ಸಲ ಇಷ್ಟೇ ಕಾರಣ. ಈ ಮಾತು ಕೇಳಿದಾಗ ನನಗೆ ಸಂಕಟವಾಗುತ್ತದೆ. ಕಂಪ್ಯೂಟರಿನಲ್ಲಿ ನಾಲ್ಕೈದು ಆಯ್ಕೆ ಬದಲಾಯಿಸಿದರೆ ಸರಿಹೋಗುವ ಸಂಗತಿಗಾಗಿ ಕನ್ನಡವನ್ನೇ ಪತ್ರದಿಂದ ಹೊರಗಿಡುವುದು ತೀರಾ ದುಬಾರಿ ಪರಿಹಾರ.

ಆ ನಾಲ್ಕೈದು ಆಯ್ಕೆ ಎಲ್ಲಿವೆ, ಯಾಕಿವೆ ಎಂದು ಇಲ್ಲಿ ಹೇಳುತ್ತೇನೆ. ಉದಾಹರಣೆಗೆ ಹಿಡಿದಿರುವುದು ಥಂಡರ್‌ಬರ್ಡ್. 2004ರ ಡಿಸೆಂಬರಿನಲ್ಲಿ ಮೊಜಿಲ್ಲಾ ಇದರ 1.0 ಆವೃತ್ತಿಯನ್ನು ಹೊರತಂದಿತು. ಇದು ಉಚಿತ, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ ಇದರ ಫಾಂಟ್ ಪಟ್ಟಿಯಲ್ಲಿ ಕನ್ನಡಕ್ಕೆಂದೇ ಪ್ರತ್ಯೇಕ ಜಾಗವಿದೆ. ನಾನು ಹೇಳುವ ಗುಂಡಿಗಳು 2023ರಲ್ಲಿ ಬಂದ 115ನೇ ಆವೃತ್ತಿ ಮತ್ತು ಅದರ ನಂತರದವುಗಳಲ್ಲಿ ಇರುವಂಥವು. ಮೆನುವಿನ ಹೆಸರುಗಳು ಪರದೆಯ ಮೇಲೆ ಇಂಗ್ಲಿಷಿನಲ್ಲಿರುತ್ತವೆ. ಅವನ್ನು ಓದಿದಂತೆಯೇ ಕನ್ನಡ ಅಕ್ಷರದಲ್ಲಿ ಬರೆದಿದ್ದೇನೆ. ನಿಮ್ಮ ಇಮೇಲ್ ಖಾತೆಯನ್ನು ಥಂಡರ್‌ಬರ್ಡ್‌ಗೆ ಈಗಾಗಲೇ ಸೇರಿಸಿಕೊಂಡಿದ್ದೀರಿ, ಪತ್ರಗಳು ಬರುತ್ತಿವೆ ಎಂದು ಭಾವಿಸಿ ಮುಂದುವರಿಯುತ್ತೇನೆ.

ಕೈಹಾಕುವ ಮುಂಚೆ ಒಂದು ವಿಷಯ ಮನಸ್ಸಿನಲ್ಲಿ ಗಟ್ಟಿಯಾಗಲಿ. ನಿಮಗೆ ಬಂದ ಪತ್ರ ನಿಮ್ಮ ಪರದೆಯ ಮೇಲೆ ಹೇಗೆ ಕಾಣಬೇಕೆಂಬುದು ಪೂರ್ತಿ ನಿಮ್ಮ ಕೈಯಲ್ಲಿದೆ. ನೀವು ಕಳಿಸಿದ ಪತ್ರ ಮೂರನೇ ಮಹಡಿಯವರ ಪರದೆಯ ಮೇಲೆ ಹೇಗೆ ಕಾಣುತ್ತದೆಂಬುದು ಅವರ ಕೈಯಲ್ಲಿದೆ. ಇಮೇಲ್ ಜೊತೆ ಫಾಂಟ್ ಪ್ರಯಾಣ ಮಾಡುವುದಿಲ್ಲ. ಹೋಗುವುದು ಅಕ್ಷರಗಳ ಸಂಖ್ಯೆ ಮತ್ತು, ನೀವು ಆರಿಸಿದ್ದರೆ, ಫಾಂಟಿನ ಹೆಸರು ಮಾತ್ರ. ಆ ಹೆಸರಿನ ಫಾಂಟ್ ಅವರಲ್ಲಿ ಇದ್ದರೆ ಸರಿ, ಇಲ್ಲದಿದ್ದರೆ ಅವರ ಕಂಪ್ಯೂಟರ್ ತನ್ನಲ್ಲಿರುವ ಇನ್ನೊಂದನ್ನು ತೆಗೆದುಕೊಳ್ಳುತ್ತದೆ. ಮೊದಲ ಆರು ಹಂತಗಳು ನಿಮ್ಮ ಓದಿಗೆ ಸಂಬಂಧಿಸಿದವು, ಏಳನೆಯದು ಕಳಿಸುವುದಕ್ಕೆ.

ಹಂತ 1: ಒಂದು ಒಳ್ಳೆಯ ಕನ್ನಡ ಫಾಂಟ್ ಹಾಕಿಕೊಳ್ಳಿ

ವಿಂಡೋಸ್ 8ರಿಂದೀಚೆಗೆ ಬಂದ ಕಂಪ್ಯೂಟರುಗಳಲ್ಲಿ ನಿರ್ಮಲಾ ಯುಐ ಎಂಬ ಫಾಂಟ್ ಜೊತೆಗೇ ಬರುತ್ತದೆ. ಕನ್ನಡ, ತಮಿಳು, ತೆಲುಗು, ಮಲಯಾಳಂ, ದೇವನಾಗರಿ ಎಲ್ಲವೂ ಆ ಒಂದೇ ಫಾಂಟಿನಲ್ಲಿವೆ. ಒಂದೇ ಮೆಟ್ಟಿಲ ಮೇಲೆ ನಾಲ್ಕು ಭಾಷೆ ಕೇಳಿಸುವ ಕಲ್ಯಾಣ ನಗರ, ಕಮ್ಮನಹಳ್ಳಿ ಕಡೆಯ ಕಟ್ಟಡಗಳಿಗೆ ಇದು ಅನುಕೂಲ. ಅದಕ್ಕೂ ಮುಂಚೆ, 2001ರ ವಿಂಡೋಸ್ ಎಕ್ಸ್‌ಪಿ ಕಾಲದಿಂದ, ತುಂಗಾ ಎಂಬ ಫಾಂಟ್ ಇತ್ತು. ಗೆರೆ ತೆಳು, ಅಕ್ಷರದ ಮೈ ಚಿಕ್ಕದು. ಇಂದಿನ ವಿಂಡೋಸ್‌ನಲ್ಲಿ ಅದು ತಾನಾಗಿ ಇರುವುದಿಲ್ಲ, ಬೇಕೆಂದವರು ‘ಆಪ್ಷನಲ್ ಫೀಚರ್ಸ್’ ಎಂಬಲ್ಲಿಂದ ಸೇರಿಸಿಕೊಳ್ಳಬೇಕು. ಪರದೆಯ ಮೇಲೆ ಉದ್ದದ ಪತ್ರ ಓದುವುದಕ್ಕೆ ಅದನ್ನು ನಾನು ಸೂಚಿಸುವುದಿಲ್ಲ.

ನನ್ನ ಆಯ್ಕೆ ಗೂಗಲ್‌ನ ನೋಟೊ ಸಾನ್ಸ್ ಕನ್ನಡ. ಗೆರೆಯ ದಪ್ಪ ಎಲ್ಲ ಕಡೆ ಒಂದೇ ಸಮ, ಒತ್ತಕ್ಷರಗಳಿಗೆ ಕೆಳಗೆ ಧಾರಾಳ ಜಾಗ. ಅಚ್ಚಿನ ಪುಸ್ತಕದ ಹಾಗೆ ದಪ್ಪ-ತೆಳು ಗೆರೆ ಇಷ್ಟಪಡುವವರಿಗೆ ಅದರ ಜೋಡಿಯಾದ ನೋಟೊ ಸೆರಿಫ್ ಕನ್ನಡ ಇದೆ. ಎರಡೂ ಮುಕ್ತ ಪರವಾನಗಿಯವು. ಬ್ರೌಸರ್‌ನಲ್ಲಿ ‘ಗೂಗಲ್ ಫಾಂಟ್ಸ್’ ತಾಣಕ್ಕೆ ಹೋಗಿ ಹೆಸರು ಹುಡುಕಿ, ಡೌನ್‌ಲೋಡ್ ಒತ್ತಿ. ಒಂದು ಜಿಪ್ ಕಡತ ಬರುತ್ತದೆ. ಅದರ ಮೇಲೆ ಬಲಗುಂಡಿ ಒತ್ತಿ ‘ಎಕ್ಸ್‌ಟ್ರಾಕ್ಟ್ ಆಲ್’ ಆರಿಸಿ. ಒಳಗಿರುವ ಫಾಂಟ್ ಕಡತವನ್ನು ಎರಡು ಸಲ ಕ್ಲಿಕ್ ಮಾಡಿದರೆ ಮಾದರಿ ಕಾಣಿಸುವ ಕಿಟಕಿ ತೆರೆಯುತ್ತದೆ. ಅಲ್ಲಿರುವ ‘ಇನ್‌ಸ್ಟಾಲ್’ ಗುಂಡಿ ಒತ್ತಿ. ಥಂಡರ್‌ಬರ್ಡ್ ತೆರೆದಿದ್ದರೆ ಮುಚ್ಚಿ ಮತ್ತೆ ತೆರೆಯಿರಿ, ಆಗ ಹೊಸ ಫಾಂಟ್ ಅದರ ಪಟ್ಟಿಯಲ್ಲಿ ಖಂಡಿತ ಸೇರಿರುತ್ತದೆ.

ಮ್ಯಾಕ್ ಬಳಸುವವರಿಗೆ ಕನ್ನಡ ಸಂಗಮ್ ಎಂಎನ್, ಕನ್ನಡ ಎಂಎನ್ ಮೊದಲೇ ಇರುತ್ತವೆ. ಲಿನಕ್ಸ್‌ನವರಿಗೆ ಲೋಹಿತ್ ಕನ್ನಡ ಇದೆ, ಗುಬ್ಬಿ ಇದೆ, ಕೈಬರಹದ ಛಾಯೆಯ ನವಿಲು ಇದೆ. ನವಿಲು ಚಂದದ ಫಾಂಟ್, ಆದರೆ ಮೇಂಟೆನೆನ್ಸ್ ಬಾಕಿಯ ಪಟ್ಟಿ ಓದುವುದಕ್ಕೆ ಬೇಡ.

ಹಂತ 2: ಪರೀಕ್ಷೆಗೆ ನಿಮಗೆ ನೀವೇ ಒಂದು ಪತ್ರ ಬರೆದುಕೊಳ್ಳಿ

ಫಾಂಟ್ ಬದಲಾಯಿಸುತ್ತಾ ಹೋದಾಗ ಕಣ್ಣು ಹೋಲಿಸಿ ನೋಡಲು ಒಂದೇ ಪತ್ರ ಎದುರಿಗಿರಬೇಕು. ‘ನ್ಯೂ ಮೆಸೇಜ್’ ಒತ್ತಿ, ಯಾರಿಗೆ ಎಂಬಲ್ಲಿ ನಿಮ್ಮದೇ ವಿಳಾಸ ಹಾಕಿ, ಕೆಳಗಿನ ಸಾಲುಗಳನ್ನು ಟೈಪ್ ಮಾಡಿ ಕಳಿಸಿ:

ಕಲ್ಯಾಣ ನಗರ, ಹೊರ ವರ್ತುಲ ರಸ್ತೆ, ಎಚ್‌ಆರ್‌ಬಿಆರ್ ಬಡಾವಣೆ, ಬಾಣಸವಾಡಿ, ಹೆಣ್ಣೂರು
ರಾಷ್ಟ್ರ, ಸ್ವಾತಂತ್ರ್ಯ, ಸ್ತ್ರೀ, ಜ್ಞಾನ, ಲಕ್ಷ್ಮಿ
ದ ಧ ಥ, ರ ಠ, ಪ ಷ ಫ, ಬ ಭ, ಮ ವ
೦ ೧ ೨ ೩ ೬ ೭ ೯

ಜೊತೆಗೆ ಒಂದು ಇಂಗ್ಲಿಷ್ ಸಾಲನ್ನೂ ಸೇರಿಸಿ. ವಿಂಡೋಸ್‌ನಲ್ಲಿ ಕನ್ನಡ ಕೀಲಿಮಣೆ ಇನ್ನೂ ಹಾಕಿಕೊಳ್ಳದಿದ್ದರೆ ಭಾಷೆಯ ಸೆಟ್ಟಿಂಗಿನಲ್ಲಿ ಕನ್ನಡ ಸೇರಿಸಿ. ಇಂಗ್ಲಿಷ್ ಉಚ್ಚಾರದಂತೆ ಬೆರಳಾಡಿಸುವ ‘ಕನ್ನಡ ಫೊನೆಟಿಕ್’ 2019ರಿಂದ ವಿಂಡೋಸ್ 10ರಲ್ಲೇ ಇದೆ. ವಿಂಡೋಸ್ ಕೀಲಿ ಹಿಡಿದು ಸ್ಪೇಸ್ ಒತ್ತಿದರೆ ಭಾಷೆ ಬದಲಾಗುತ್ತದೆ.

ಈ ಸಾಲುಗಳನ್ನು ಸುಮ್ಮನೆ ಆರಿಸಿದ್ದಲ್ಲ. ‘ವರ್ತುಲ’ದಲ್ಲಿ ಅರ್ಕಾವೊತ್ತು ಪಕ್ಕದ ಅಕ್ಷರಕ್ಕೆ ತಗಲುತ್ತದೆಯೇ ಕಾಣುತ್ತದೆ. ‘ರಾಷ್ಟ್ರ’, ‘ಸ್ವಾತಂತ್ರ್ಯ’ಗಳಲ್ಲಿ ಒತ್ತಿನ ಕೆಳಗೆ ಇನ್ನೊಂದು ಒತ್ತು ಬರುತ್ತದೆ; ಫಾಂಟ್ ಇಕ್ಕಟ್ಟಿನದಾದರೆ ಅದು ಕೆಳಗಿನ ಸಾಲಿಗೆ ತಾಗುತ್ತದೆ. ಥಂಡರ್‌ಬರ್ಡ್‌ನ ಸೆಟ್ಟಿಂಗಿನಲ್ಲಿ ಸಾಲುಗಳ ನಡುವಿನ ಅಂತರ ಹೆಚ್ಚಿಸುವ ಗುಂಡಿ ಇಲ್ಲ, ಅಂತರ ಫಾಂಟಿನಿಂದಲೇ ಬರಬೇಕು, ಹಾಗಾಗಿ ಇಲ್ಲೇ ನೋಡಿಕೊಳ್ಳುವುದು ಒಳ್ಳೆಯದು. ‘ಎಚ್‌ಆರ್‌ಬಿಆರ್’ನಲ್ಲಿ ‘ರ್’ ಮುಂದಿನ ‘ಬಿ’ಗೆ ಒತ್ತಾಗಿ ಅಂಟಿಕೊಳ್ಳದೆ ಬಿಡಿಯಾಗಿ ನಿಲ್ಲಬೇಕು. ಹೆಣ್ಣೂರು ರಸ್ತೆ-ಬಾಣಸವಾಡಿ ರಸ್ತೆಯ ಈ ಬಡಾವಣೆಗೂ ಹೆಣ್ಣೂರು-ಬಳ್ಳಾರಿ ರಸ್ತೆಯ ಎಚ್‌ಬಿಆರ್ ಬಡಾವಣೆಗೂ ಒಂದೇ ಅಕ್ಷರದ ಅಂತರ. ವಿಳಾಸ ಸರಿಯಾಗಿ ಕಾಣದಿದ್ದರೆ ಪ್ಲಂಬರ್ ಇನ್ನೊಂದು ಬಡಾವಣೆಯಲ್ಲಿ ಮನೆ ಹುಡುಕುತ್ತಿರುತ್ತಾನೆ. ಮೂರನೇ ಸಾಲಿನಲ್ಲಿ ಒಂದು ಚುಕ್ಕೆಯೋ ಸಣ್ಣ ಸೀಳೋ ಅಕ್ಷರವನ್ನೇ ಬೇರೆ ಮಾಡುತ್ತದೆ. ನಾಲ್ಕನೆಯದು ಲೆಕ್ಕಪತ್ರಕ್ಕಾಗಿ: ೬ ಮತ್ತು ೯ ಒಂದೇ ನೋಟಕ್ಕೆ ಬೇರೆಯಾಗಿ ಕಾಣದ ಫಾಂಟ್ ಖಜಾಂಚಿಗಳಿಗೆ ಆಗಿಬರುವುದಿಲ್ಲ.

ಹಂತ 3: ಫಾಂಟಿನ ಕಿಟಕಿ ತೆರೆಯಿರಿ

ಥಂಡರ್‌ಬರ್ಡ್ ಕಿಟಕಿಯ ಎಡಪಕ್ಕದ ಕಿರಿದಾದ ಪಟ್ಟಿಯ ಕೆಳತುದಿಯಲ್ಲಿ ಹಲ್ಲುಚಕ್ರದ ಗುರುತಿದೆ. ಅದನ್ನು ಒತ್ತಿ. ಅದು ಕಾಣದಿದ್ದರೆ ಬಲಮೂಲೆಯ ಮೂರು ಗೆರೆಗಳ ಮೆನುವಿನಲ್ಲಿ ‘ಸೆಟ್ಟಿಂಗ್ಸ್’ ಸಿಗುತ್ತದೆ. ಎಡಗಡೆ ‘ಜನರಲ್’ ಆರಿಸಿ ಕೆಳಗೆ ಸರಿಯಿರಿ; ‘ಲ್ಯಾಂಗ್ವೇಜ್ ಅಂಡ್ ಅಪಿಯರೆನ್ಸ್’ ಎಂಬ ಶೀರ್ಷಿಕೆಯ ಅಡಿಯಲ್ಲಿ ‘ಫಾಂಟ್ಸ್ ಅಂಡ್ ಕಲರ್ಸ್’ ಬರುತ್ತದೆ. ಹುಡುಕಿ ಬೇಸರವಾದರೆ ಮೇಲಿನ ಹುಡುಕು ಪೆಟ್ಟಿಗೆಯಲ್ಲಿ ಇಂಗ್ಲಿಷಿನಲ್ಲಿ ‘ಫಾಂಟ್’ ಎಂದು ಬರೆದರೆ ಸಾಕು.

ಅಲ್ಲಿ ‘ಡೀಫಾಲ್ಟ್ ಫಾಂಟ್’ ಮತ್ತು ‘ಸೈಜ್’ ಎಂಬ ಎರಡು ಪಟ್ಟಿಗಳು ಎದುರಿಗೇ ಇವೆ. ಹೊಸಬರು ಇವನ್ನು ಬದಲಾಯಿಸಿ, ಕನ್ನಡ ಹಾಗೇ ಉಳಿದಿದ್ದನ್ನು ನೋಡಿ ಕೈಬಿಡುತ್ತಾರೆ. ನಮಗೆ ಬೇಕಾದದ್ದು ಪಕ್ಕದ ‘ಅಡ್ವಾನ್ಸ್ಡ್’ ಗುಂಡಿ. ಒತ್ತಿ.

ಹಂತ 4: ಮೂರು ಲಿಪಿಪಟ್ಟಿಗಳನ್ನೂ ತಿದ್ದಿ

ಈಗ ತೆರೆದ ಕಿಟಕಿಯ ತಲೆಯಲ್ಲೇ ‘ಫಾಂಟ್ಸ್ ಫಾರ್’ ಎಂದಿದೆ. ಪಟ್ಟಿ ಇಳಿಸಿ ನೋಡಿದರೆ ಅರಬ್ಬಿಯಿಂದ ಹಿಡಿದು ಟಿಬೆಟಿಯನ್‌ವರೆಗೆ ಲಿಪಿಗಳ ಸಾಲು. ಅದರಲ್ಲಿ ಕನ್ನಡವೂ ಇದೆ. ಕನ್ನಡ ಆರಿಸಿ. ಕೆಳಗೆ ಕಾಣುವ ಜಾಗಗಳನ್ನು ಹೀಗೆ ತುಂಬಿ: ‘ಪ್ರೊಪೋರ್ಷನಲ್’ ಎಂಬಲ್ಲಿ ‘ಸಾನ್ಸ್ ಸೆರಿಫ್’, ಅದರ ಸೈಜ್ 18. ‘ಸೆರಿಫ್’ ಎದುರು ನೋಟೊ ಸೆರಿಫ್ ಕನ್ನಡ. ‘ಸಾನ್ಸ್-ಸೆರಿಫ್’ ಎದುರು ನೋಟೊ ಸಾನ್ಸ್ ಕನ್ನಡ. ‘ಮೊನೊಸ್ಪೇಸ್’ ಎದುರೂ ನೋಟೊ ಸಾನ್ಸ್ ಕನ್ನಡವನ್ನೇ ಕೊಡಿ, ಅದರ ಸೈಜ್ ಕೂಡ 18 ಮಾಡಿ.

ಸೆರಿಫ್, ಸಾನ್ಸ್ ಎರಡನ್ನೂ ಯಾಕೆ ತುಂಬಬೇಕು? ಪತ್ರ ಕಳಿಸಿದವರು ಇಂಗ್ಲಿಷಿಗೆ ಯಾವ ಜಾತಿಯ ಫಾಂಟ್ ಕೇಳಿದ್ದಾರೋ ಅದೇ ಜಾತಿಯ ಕನ್ನಡ ಫಾಂಟನ್ನು ಥಂಡರ್‌ಬರ್ಡ್ ಹುಡುಕುತ್ತದೆ. ಒಂದು ಜಾಗ ಖಾಲಿ ಬಿಟ್ಟರೆ ಕೆಲವು ಪತ್ರ ಚೆನ್ನಾಗಿಯೂ ಕೆಲವು ಹಳೆಯ ಹಾಗೆಯೂ ಕಾಣುತ್ತವೆ.

ಇನ್ನು ಮುಖ್ಯವಾದ ಮಾತು. ಕನ್ನಡದ ಜಾಗದಲ್ಲಿ 18 ಎಂದು ಹಾಕಿದ ಮಾತ್ರಕ್ಕೆ ಕನ್ನಡ 18ರಲ್ಲಿ ಕಾಣುತ್ತದೆಂದು ಹೇಳಲಾಗದು. ಹೆಚ್ಚಿನ ಇಮೇಲ್‌ಗಳಲ್ಲಿ “ಇದು ಕನ್ನಡ ಪತ್ರ” ಎಂದು ಹೇಳುವ ಗುರುತೇನೂ ಇರುವುದಿಲ್ಲ. ಹಾಗಿರುವಾಗ ಥಂಡರ್‌ಬರ್ಡ್ ಪತ್ರದ ಗಾತ್ರವನ್ನು ‘ಲ್ಯಾಟಿನ್’ ಅಥವಾ ‘ಅದರ್ ರೈಟಿಂಗ್ ಸಿಸ್ಟಮ್ಸ್’ ಪಟ್ಟಿಯಿಂದ ತೆಗೆದುಕೊಳ್ಳುತ್ತದೆ. ಓದುತ್ತಾ ಹೋಗಿ ಕನ್ನಡ ಅಕ್ಷರ ಸಿಕ್ಕಾಗ, ಅದರ ಆಕಾರಕ್ಕೆ ಮಾತ್ರ ಕನ್ನಡದ ಪಟ್ಟಿಯ ಫಾಂಟನ್ನು ಕರೆಯುತ್ತದೆ. ಆಕಾರ ಕನ್ನಡ ಪಟ್ಟಿಯದು, ಗಾತ್ರ ಬೇರೆ ಪಟ್ಟಿಯದು. ಹಾಗಾಗಿ ‘ಫಾಂಟ್ಸ್ ಫಾರ್’ನಲ್ಲಿ ‘ಲ್ಯಾಟಿನ್’ ಆರಿಸಿ ಗಾತ್ರ 18 ಮಾಡಿ. ಮತ್ತೆ ‘ಅದರ್ ರೈಟಿಂಗ್ ಸಿಸ್ಟಮ್ಸ್’ ಆರಿಸಿ ಅಲ್ಲೂ 18 ಮಾಡಿ. ಈ ಎರಡರಲ್ಲಿ ಫಾಂಟಿನ ಹೆಸರು ನಿಮಗೆ ಒಗ್ಗಿದ ಇಂಗ್ಲಿಷ್ ಫಾಂಟೇ ಇರಲಿ. ಮೂರು ಕಡೆ ತಿದ್ದಿದ ಮೇಲೆ ‘ಓಕೆ’ ಒತ್ತಿ. ಪರೀಕ್ಷೆಯ ಪತ್ರ ತೆರೆದು ನೋಡಿ.

18 ಯಾಕೆ ಎಂದರೆ, ಇಲ್ಲಿನ ಸಂಖ್ಯೆ ಪಿಕ್ಸೆಲ್ ಲೆಕ್ಕದ್ದು. ವರ್ಡ್‌ನಲ್ಲಿ 12 ಎಂದು ಹಾಕಿ ಟೈಪ್ ಮಾಡಿ ರೂಢಿಯಾದವರು ಇಲ್ಲೂ 12 ಹಾಕಿದರೆ ಅಕ್ಷರ ತೀರಾ ಸಣ್ಣದಾಗುತ್ತದೆ. ಅಲ್ಲಿನ 12 ಪಾಯಿಂಟ್ ಇಲ್ಲಿನ 16 ಪಿಕ್ಸೆಲ್‌ಗೆ ಸಮ. ಇನ್ನೊಂದು ಕಾರಣ ನಮ್ಮ ಲಿಪಿಯದು. ಈ ಸಂಖ್ಯೆ ಅಕ್ಷರದ ಎತ್ತರವನ್ನು ಅಳೆಯುವುದಿಲ್ಲ, ಅಕ್ಷರ ಕೂರುವ ಚೌಕವನ್ನು ಅಳೆಯುತ್ತದೆ. ಕನ್ನಡದಲ್ಲಿ ಮೇಲೆ ಗುಡಿಸಿಗೆ, ಏತ್ವಕ್ಕೆ ಜಾಗ ಬೇಕು, ಕೆಳಗೆ ಒತ್ತಿಗೆ ಜಾಗ ಬೇಕು. ಅಷ್ಟನ್ನು ಬಿಟ್ಟುಕೊಟ್ಟ ಮೇಲೆ ಮೂಲ ಅಕ್ಷರದ ಪಾಲಿಗೆ ಉಳಿಯುವುದು ಕಡಿಮೆ. ಒಂದೇ ಸಂಖ್ಯೆಯಲ್ಲಿ ಇಂಗ್ಲಿಷ್ ದೊಡ್ಡದಾಗಿ, ಕನ್ನಡ ಚಿಕ್ಕದಾಗಿ ಕಾಣುವುದು ಇದರಿಂದಲೇ. ಅರವತ್ತು ದಾಟಿದವರಿಗೆ 20 ಇನ್ನೂ ಹಿತ. ಇಂಗ್ಲಿಷ್ ಅತಿ ದೊಡ್ಡದಾಯಿತು ಅನ್ನಿಸಿದರೆ ‘ಲ್ಯಾಟಿನ್’ನಲ್ಲಿ ಸ್ವಲ್ಪ ಚಿಕ್ಕ ಮೈಕಟ್ಟಿನ ಫಾಂಟ್ ಆರಿಸಿಕೊಳ್ಳಿ, ಸಂಖ್ಯೆ ಇಳಿಸಬೇಡಿ.

ಹಂತ 5: ಅದೇ ಕಿಟಕಿಯ ಕೆಳಗಿನ ಮೂರು ಆಯ್ಕೆಗಳು

‘ಮಿನಿಮಮ್ ಫಾಂಟ್ ಸೈಜ್’: ಯಾರು ಎಷ್ಟೇ ಚಿಕ್ಕದಾಗಿ ಕಳಿಸಿದರೂ ಇದಕ್ಕಿಂತ ಕೆಳಗೆ ಇಳಿಯಬೇಡ ಎಂದು ಹೇಳುವ ಜಾಗ. 14 ಅಥವಾ 15 ಕೊಡಿ. ಇದು ಕೂಡ ಲಿಪಿಪಟ್ಟಿಗೊಂದರಂತೆ ಇರುವುದರಿಂದ ಮೂರರಲ್ಲೂ ಕೊಡಬೇಕು. ಬ್ಯಾಂಕು, ವಿಮೆಯವರ ಪತ್ರಗಳ ಅಡಿಯಲ್ಲಿರುವ ಸಣ್ಣಕ್ಷರದ ಷರತ್ತುಗಳು ಇದರಿಂದ ಓದುವಂತಾಗುತ್ತವೆ. ಹೆಚ್ಚು ಏರಿಸಿದರೆ ಜಾಹೀರಾತು ಪತ್ರಗಳ ವಿನ್ಯಾಸ ಅಲ್ಲಲ್ಲಿ ಒಡೆಯುತ್ತದೆ, ಅದರಿಂದ ನಷ್ಟವೇನಿಲ್ಲ.

‘ಯೂಸ್ ಫಿಕ್ಸ್ಡ್ ವಿಡ್ತ್ ಫಾಂಟ್ ಫಾರ್ ಪ್ಲೇನ್ ಟೆಕ್ಸ್ಟ್ ಮೆಸೇಜಸ್’: ಇದರ ಎದುರಿನ ಗುರುತು ತೆಗೆದುಬಿಡಿ. ಅಲಂಕಾರವಿಲ್ಲದ ಸರಳ ಪಠ್ಯದ ಪತ್ರಗಳನ್ನು ಪ್ರತಿ ಅಕ್ಷರಕ್ಕೂ ಒಂದೇ ಅಗಲ ಕೊಡುವ ಫಾಂಟಿನಲ್ಲಿ ತೋರಿಸುವ ರೂಢಿ ಟೈಪ್‌ರೈಟರ್ ಕಾಲದ್ದು. ‘ರ’ಕ್ಕೂ ‘ಯೋ’ಗೂ ಒಂದೇ ಅಗಲ ಎಂಬುದು ಕನ್ನಡಕ್ಕೆ ಹೊಂದದ ಲೆಕ್ಕ.

‘ಅಲೌ ಮೆಸೇಜಸ್ ಟು ಯೂಸ್ ಅದರ್ ಫಾಂಟ್ಸ್’: ಗುರುತು ಇದ್ದರೆ ಕಳಿಸಿದವರು ಹೇಳಿದ ಫಾಂಟಿಗೆ ಮನ್ನಣೆ; ತೆಗೆದರೆ ಎಲ್ಲ ಪತ್ರವೂ ನಿಮ್ಮ ಫಾಂಟಿನಲ್ಲೇ. ದಿನವಿಡೀ ಪತ್ರ ಓದುವವರಿಗೆ ತೆಗೆಯುವುದೇ ನೆಮ್ಮದಿ. ಆದರೆ ಹಳೆಯ ನುಡಿ, ಬರಹ ಫಾಂಟಿನ ಪತ್ರಗಳು ನಿಮಗೆ ಬರುತ್ತಿದ್ದರೆ ಈ ಗುರುತನ್ನು ಉಳಿಸಿಕೊಳ್ಳಿ. ಕಾರಣ ಎಂಟನೇ ಹಂತದಲ್ಲಿದೆ.

ಹಂತ 6: ಪತ್ರಗಳ ಪಟ್ಟಿ, ಮತ್ತು ಆ ಕ್ಷಣದ ಹಿಗ್ಗಿಸುವಿಕೆ

ಇಲ್ಲಿಯವರೆಗೆ ಮಾಡಿದ್ದು ಪತ್ರದ ಒಡಲಿಗೆ ಮಾತ್ರ. ಮೇಲೆ ಕಾಣುವ ಪತ್ರಗಳ ಪಟ್ಟಿ, ಫೋಲ್ಡರುಗಳ ಹೆಸರು ಸಣ್ಣದಾಗಿಯೇ ಇವೆಯಲ್ಲ? ಮೂರು ಗೆರೆಗಳ ಮೆನು ತೆರೆದು ‘ಫಾಂಟ್ ಸೈಜ್’ ಎದುರಿನ ಕೂಡು ಗುರುತನ್ನು ಒತ್ತುತ್ತಾ ಹೋಗಿ. ಅಲ್ಲೇ ‘ಡೆನ್ಸಿಟಿ’ ಎಂಬುದನ್ನು ‘ರಿಲ್ಯಾಕ್ಸ್ಡ್’ ಮಾಡಿದರೆ ಪಟ್ಟಿಯ ಸಾಲುಗಳು ಸಡಿಲವಾಗಿ, ಕನ್ನಡ ವಿಷಯಸಾಲುಗಳ ಒತ್ತುಗಳಿಗೆ ಉಸಿರಾಡಲು ಜಾಗ ಸಿಗುತ್ತದೆ.

ಯಾವುದೋ ಒಂದು ಪತ್ರವನ್ನು ಮಾತ್ರ ದೊಡ್ಡದು ಮಾಡಬೇಕಾದರೆ ಕಂಟ್ರೋಲ್ ಹಿಡಿದು ಪ್ಲಸ್ ಒತ್ತಿ, ಮೊದಲಿನಂತಾಗಲು ಕಂಟ್ರೋಲ್ ಹಿಡಿದು ಸೊನ್ನೆ ಒತ್ತಿ. ಮ್ಯಾಕ್‌ನಲ್ಲಿ ಕಂಟ್ರೋಲ್ ಬದಲು ಕಮಾಂಡ್.

ಹಂತ 7: ಕಳಿಸುವ ಪತ್ರಕ್ಕೆ ಫಾಂಟ್ ಹೇರಬೇಡಿ

ಸೆಟ್ಟಿಂಗ್ಸ್‌ನಲ್ಲಿ ಎಡಗಡೆ ‘ಕಂಪೋಸಿಷನ್’ ಆರಿಸಿದರೆ ‘ಎಚ್‌ಟಿಎಂಎಲ್ ಸ್ಟೈಲ್’ ಎಂಬ ಭಾಗದಲ್ಲಿ ಫಾಂಟ್, ಗಾತ್ರ, ಬಣ್ಣ ಮೂರನ್ನೂ ನಿಗದಿ ಮಾಡಬಹುದು. ಫಾಂಟ್ ಎಂಬಲ್ಲಿ ಮೊದಲೇ ‘ವೇರಿಯಬಲ್ ವಿಡ್ತ್’ ಎಂದಿರುತ್ತದೆ. ಅದನ್ನು ಹಾಗೇ ಬಿಡಿ ಎಂಬುದು ನನ್ನ ಬಲವಾದ ಸಲಹೆ. ಓದುವವರು ತಮಗೆ ಇಷ್ಟವಾದ ಫಾಂಟಿನಲ್ಲಿ ಓದಿಕೊಳ್ಳಲಿ ಎಂಬುದೇ ಆ ಆಯ್ಕೆಯ ಅರ್ಥ. ನಿಮಗೆ ಮೊದಲ ಆರು ಹಂತಗಳಲ್ಲಿ ಸಿಕ್ಕ ಸ್ವಾತಂತ್ರ್ಯವನ್ನು ಮೂರನೇ ಮಹಡಿಯವರಿಗೂ ಕೊಟ್ಟಂತೆ. ಗಾತ್ರ ‘ಮೀಡಿಯಂ’ ಇರಲಿ, ಬಣ್ಣದಲ್ಲಿ ‘ಯೂಸ್ ರೀಡರ್ಸ್ ಡೀಫಾಲ್ಟ್ ಕಲರ್ಸ್’ಗೆ ಗುರುತಿರಲಿ. ರಾತ್ರಿ ಕಪ್ಪು ಹಿನ್ನೆಲೆಯಲ್ಲಿ ಓದುವವರು ಈಗ ಬಹಳ ಮಂದಿ. ನೀವು ಕಡುನೀಲಿ ಬಣ್ಣ ಕೊಟ್ಟು ಕಳಿಸಿದರೆ ಅವರಿಗೆ ಅಕ್ಷರ ಕಾಣಿಸದೇ ಹೋಗಬಹುದು.

ಇನ್ನೊಂದು ಅಭ್ಯಾಸ ಬೆಳೆಸಿಕೊಳ್ಳಿ. ವರ್ಡ್‌ನಲ್ಲಿ ಬರೆದ ನೋಟಿಸನ್ನು ನಕಲು ಮಾಡಿ ಇಲ್ಲಿ ಅಂಟಿಸಿದಾಗ ಅಲ್ಲಿನ ಫಾಂಟ್ ಹೆಸರು, ಗಾತ್ರ, ಬಣ್ಣವೆಲ್ಲ ಹಿಂಬಾಲಿಸಿ ಬರುತ್ತವೆ. ಕಂಟ್ರೋಲ್, ಶಿಫ್ಟ್, ವಿ ಮೂರನ್ನೂ ಒಟ್ಟಿಗೆ ಒತ್ತಿ ಅಂಟಿಸಿದರೆ ಬರೀ ಅಕ್ಷರಗಳು ಬರುತ್ತವೆ. ಶೀರ್ಷಿಕೆಗೆ ದಪ್ಪಕ್ಷರ ಬೇಕಿದ್ದರೆ ಆಮೇಲೆ ಕೊಟ್ಟುಕೊಳ್ಳಿ. ಕನ್ನಡಕ್ಕೆ ಇಟಾಲಿಕ್ ಕೊಡಬೇಡಿ. ಹೆಚ್ಚಿನ ಕನ್ನಡ ಫಾಂಟುಗಳಲ್ಲಿ ಓರೆಯ ರೂಪವೇ ಇಲ್ಲ. ಕಂಪ್ಯೂಟರ್ ನೆಟ್ಟಗಿನ ಅಕ್ಷರವನ್ನೇ ಓರೆಯಾಗಿ ಎಳೆದು ತೋರಿಸುತ್ತದೆ, ಒತ್ತುಗಳು ಜಾಗ ತಪ್ಪಿದಂತೆ ಕಾಣುತ್ತವೆ.

ಹಂತ 8: ಕನ್ನಡವೇ ಕಾಣದಿದ್ದರೆ ರೋಗ ಗುರುತಿಸುವುದು

ಇಷ್ಟೆಲ್ಲ ಮಾಡಿಯೂ ಕೆಲವು ಪತ್ರಗಳು ಓದಲಾಗದಂತೆ ಬರುತ್ತವೆ. ಅವುಗಳಲ್ಲಿ ಮೂರು ಬಗೆ. ಮೂರಕ್ಕೂ ಮದ್ದು ಬೇರೆಯಾದ್ದರಿಂದ ಮೊದಲು ನೋಡಿ ಗುರುತಿಸಬೇಕು.

ಅಕ್ಷರದ ಜಾಗದಲ್ಲಿ ಸಾಲಾಗಿ ಖಾಲಿ ಚೌಕಗಳಿದ್ದರೆ ನಿಮ್ಮ ಕಂಪ್ಯೂಟರಿನಲ್ಲಿ ಕನ್ನಡ ಫಾಂಟೇ ಇಲ್ಲ. ಮೊದಲ ಹಂತಕ್ಕೆ ಹಿಂತಿರುಗಿ.

ತಲೆಯ ಮೇಲೆ ಓರೆಗೆರೆಯಿರುವ ಇಂಗ್ಲಿಷಿನ ಸಣ್ಣ ‘ಎ’, ಅದರ ಬೆನ್ನಿಗೇ ಮೇಲಕ್ಕೆ ಎತ್ತಿದ ಪುಟ್ಟ 2 ಅಥವಾ 3, ಈ ಜೋಡಿ ಮತ್ತೆ ಮತ್ತೆ ಬರುತ್ತಿದ್ದರೆ ಪತ್ರದಲ್ಲಿ ಕನ್ನಡ ಸರಿಯಾಗಿಯೇ ಇದೆ, ಓದುವ ಕ್ರಮ ತಪ್ಪಿದೆ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 3200ರಿಂದ 3327ರವರೆಗೆ 128 ಸ್ಥಾನಗಳು ಮೀಸಲು. ‘ಕ’ದ ಸಂಖ್ಯೆ 3221. 1991ರ ಮೊದಲ ಆವೃತ್ತಿಯಿಂದಲೇ ಕನ್ನಡ ಅಲ್ಲಿದೆ. ಇಮೇಲ್‌ನಲ್ಲಿ ಹೋಗುವಾಗ ಯುಟಿಎಫ್-8 ಎಂಬ ಕ್ರಮದಲ್ಲಿ ಇಂಥ ಪ್ರತಿ ಸಂಖ್ಯೆಯೂ ಮೂರು ಬೈಟುಗಳಾಗಿ ಸಾಗುತ್ತದೆ. ಆ ಮೂರನ್ನು ಕೂಡಿಸಿ ಓದದೆ ಬಿಡಿಬಿಡಿಯಾಗಿ ಇಂಗ್ಲಿಷ್ ಅಕ್ಷರವೆಂದು ಓದಿದಾಗ ಈ ‘ಎ’-2ರ ಸಾಲು ಹುಟ್ಟುತ್ತದೆ. ಕೀಲಿಮಣೆಯ ಆಲ್ಟ್ ಒತ್ತಿ ಮೆನುಪಟ್ಟಿ ತರಿಸಿಕೊಂಡು, ‘ವ್ಯೂ’ ಅಡಿಯಲ್ಲಿ ‘ರಿಪೇರ್ ಟೆಕ್ಸ್ಟ್ ಎನ್‌ಕೋಡಿಂಗ್’ ಆರಿಸಿ. ಹಲವು ಪತ್ರಗಳು ಅಷ್ಟಕ್ಕೇ ಕನ್ನಡವಾಗುತ್ತವೆ.

ಮೂರನೆಯ ಬಗೆ ನಮ್ಮ ನಾಡಿನದೇ. ಪತ್ರದ ತುಂಬ ಪೌಂಡ್ ಗುರುತು, ತಲೆಗೆರೆಯ ದೊಡ್ಡ ‘ಎ’, ನಡುವೆ ಇಂಗ್ಲಿಷಿನ ‘ಪಿ’, ‘ಕ್ಯೂ’ಗಳು ಚೆಲ್ಲಾಡಿದ್ದರೆ ಅದು ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಪತ್ರ. 1998ರಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ ಅವರ ಬರಹ ಬಂದಾಗ, ನಂತರ ಕನ್ನಡ ಗಣಕ ಪರಿಷತ್ತಿನ ನುಡಿ ಸರ್ಕಾರಿ ಕಚೇರಿಗಳನ್ನು ತಲುಪಿದಾಗ, ಮನೆಯ ಕಂಪ್ಯೂಟರುಗಳಿಗೆ ಯೂನಿಕೋಡ್ ಕನ್ನಡ ಇನ್ನೂ ಬಂದಿರಲಿಲ್ಲ ಅಥವಾ ಬಳಕೆಯಲ್ಲಿರಲಿಲ್ಲ. ಅವರು ಕಂಡುಕೊಂಡ ದಾರಿ ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಆಕಾರಗಳನ್ನು ಕೂರಿಸುವುದು. ನುಡಿಯಲ್ಲಿ ದೊಡ್ಡ ‘ಪಿ’ಯ ಜಾಗದಲ್ಲಿ ತಲೆಕಟ್ಟಿಲ್ಲದ ‘ಕ’ ಕೂತಿದೆ, ಪೌಂಡ್ ಗುರುತಿನ ಜಾಗದಲ್ಲಿ ‘ನ’. ಆ ಫಾಂಟ್ ಇದ್ದವರಿಗೆ ಕನ್ನಡ, ಇಲ್ಲದವರಿಗೆ ಪೌಂಡ್. ಒಂದು ಇಡೀ ತಲೆಮಾರು ಕಂಪ್ಯೂಟರಿನಲ್ಲಿ ಕನ್ನಡ ಬರೆಯಲು ಕಲಿತದ್ದು ಈ ದಾರಿಯಿಂದ; ಆ ಕಾಲಕ್ಕೆ ಅದು ದೊಡ್ಡ ಉಪಕಾರ. ಇಮೇಲ್‌ಗೆ ಮಾತ್ರ ಅದು ಒಗ್ಗುವುದಿಲ್ಲ, ಫಾಂಟ್ ಪತ್ರದ ಜೊತೆ ಪ್ರಯಾಣಿಸುವುದಿಲ್ಲವಲ್ಲ.

ಇಂಥ ಪತ್ರ ಬಂದಾಗ ಎರಡು ದಾರಿಗಳಿವೆ. ನುಡಿ ತಂತ್ರಾಂಶ ಹಾಕಿಕೊಂಡು, ಐದನೇ ಹಂತದ ‘ಅಲೌ ಮೆಸೇಜಸ್’ ಗುರುತನ್ನು ಉಳಿಸಿದರೆ, ಪತ್ರದಲ್ಲಿ ಫಾಂಟಿನ ಹೆಸರು ಉಳಿದುಕೊಂಡಿದ್ದಾಗ ಕನ್ನಡ ಕಾಣುತ್ತದೆ. ಗುರುತು ತೆಗೆದಿದ್ದರೆ ನುಡಿ ಫಾಂಟ್ ಇದ್ದರೂ ಕಾಣುವುದು ಪೌಂಡುಗಳೇ. ಸರಳ ಪಠ್ಯವಾಗಿ ಬಂದಿದ್ದರೆ ಹೆಸರು ಕಳಚಿಹೋಗಿರುತ್ತದೆ, ಆಗ ಇದು ನಡೆಯುವುದಿಲ್ಲ. ಎರಡನೆಯ ದಾರಿ, ಪಠ್ಯವನ್ನು ನಕಲು ಮಾಡಿ ಪರಿವರ್ತಕಕ್ಕೆ ಹಾಕುವುದು. ನುಡಿ ಮತ್ತು ಬರಹದ ಪಠ್ಯವನ್ನು ಯೂನಿಕೋಡ್‌ಗೆ ಬದಲಾಯಿಸುವ ಉಚಿತ ಪರಿವರ್ತಕಗಳು ಅಂತರ್ಜಾಲದಲ್ಲಿ ಸಿಗುತ್ತವೆ. ಬದಲಾಯಿಸಿದ ಮೇಲೆ ಅಂಕಿಗಳನ್ನೂ ಹೆಸರುಗಳನ್ನೂ ಒಮ್ಮೆ ಕಣ್ಣಾಡಿಸಿ ನೋಡಿ. ನಡುನಡುವೆ ನಿಜವಾದ ಇಂಗ್ಲಿಷ್ ಪದಗಳಿದ್ದರೆ ಪರಿವರ್ತಕ ಅವನ್ನೂ ಕನ್ನಡವೆಂದು ತಿಳಿದು ಕೆಡಿಸಿರುತ್ತದೆ. ಹೀಗೆ ಪದೇ ಪದೇ ಕಳಿಸುವವರಿಗೆ, ನುಡಿ ಮತ್ತು ಬರಹದ ಹೊಸ ಆವೃತ್ತಿಗಳಲ್ಲೇ ಯೂನಿಕೋಡ್ ಆಯ್ಕೆ ಇದೆ, ಅವರ ಕೈಗೆ ಕೂತ ಕೀಲಿಮಣೆಯನ್ನು ಬಿಡಬೇಕಾಗಿಲ್ಲ ಎಂದು ತಿಳಿಸಿ ಹೇಳಿ. ಹಳೆಯ ಕಾರ್ಯದರ್ಶಿಗಳು ಹಿಂಜರಿಯುವುದು ಸಾಮಾನ್ಯವಾಗಿ ಕೀಲಿಮಣೆಯ ಭಯಕ್ಕೆ.

ಔಟ್‌ಲುಕ್ ಬಳಸುವವರಿಗೆ

ಹಳೆಯ ಮಾದರಿಯ ಔಟ್‌ಲುಕ್‌ನಲ್ಲಿ ‘ಫೈಲ್’, ‘ಆಪ್ಷನ್ಸ್’, ‘ಮೇಲ್’, ‘ಸ್ಟೇಷನರಿ ಅಂಡ್ ಫಾಂಟ್ಸ್’ ಎಂಬ ಕ್ರಮದಲ್ಲಿ ಹೋದರೆ ಹೊಸ ಪತ್ರಕ್ಕೆ, ಉತ್ತರಕ್ಕೆ, ಸರಳ ಪಠ್ಯಕ್ಕೆ ಮೂರು ಪ್ರತ್ಯೇಕ ಫಾಂಟ್ ಗುಂಡಿಗಳಿವೆ. ನಿರ್ಮಲಾ ಯುಐ ಆರಿಸಿ. ಥಂಡರ್‌ಬರ್ಡ್‌ನಲ್ಲಿರುವಂತೆ ಕನ್ನಡಕ್ಕೆಂದೇ ಓದುವ ಫಾಂಟ್ ನಿಗದಿ ಮಾಡುವ ಪಟ್ಟಿ ಅಲ್ಲಿ ಇಲ್ಲ.

ಕೊನೆಗೆ: ಹೊಂದಿಸಿದ್ದನ್ನು ಕಾಪಾಡಿಕೊಳ್ಳಿ

ಮೂರು ಗೆರೆಗಳ ಮೆನುವಿನ ‘ಟೂಲ್ಸ್’ ಅಡಿಯಲ್ಲಿ ‘ಎಕ್ಸ್‌ಪೋರ್ಟ್’ ಇದೆ. ಅದು ನಿಮ್ಮ ಖಾತೆ, ಪತ್ರ, ಈಗ ಮಾಡಿದ ಫಾಂಟ್ ಹೊಂದಿಕೆ ಎಲ್ಲವನ್ನೂ ಒಂದು ಜಿಪ್ ಕಡತವಾಗಿ ಕಟ್ಟಿಕೊಡುತ್ತದೆ. ಪತ್ರಗಳು ಬಹಳ ಸೇರಿ 2 ಜಿಬಿ ಮೀರಿದ್ದರೆ ಈ ದಾರಿ ನಡೆಯುವುದಿಲ್ಲ, ಪ್ರೊಫೈಲ್ ಫೋಲ್ಡರನ್ನೇ ನಕಲು ಮಾಡಿಕೊಳ್ಳಬೇಕು. ಸಂಘದ ಕಂಪ್ಯೂಟರ್ ಮುಂದಿನ ವರ್ಷದ ಕಾರ್ಯದರ್ಶಿಯ ಕೈಗೆ ಹೋಗುವಾಗ ಈ ಕಡತವನ್ನು ಪೆನ್‌ಡ್ರೈವ್‌ನಲ್ಲಿ ಕೊಡಿ. ಫಾಂಟಿನ ಕಡತಗಳು ಮಾತ್ರ ಅದರೊಳಗೆ ಇರುವುದಿಲ್ಲ. ನೋಟೊ ಫಾಂಟ್‌ಗಳ ಜಿಪ್ಪನ್ನೂ ಅದೇ ಪೆನ್‌ಡ್ರೈವ್‌ಗೆ ಹಾಕಿ, ಹೊಸ ಕಂಪ್ಯೂಟರಿನಲ್ಲಿ ಮೊದಲು ಫಾಂಟ್ ಇನ್‌ಸ್ಟಾಲ್ ಮಾಡಿ, ಆಮೇಲೆ ಥಂಡರ್‌ಬರ್ಡ್ ತೆರೆಯಲು ಹೇಳಿ.